ಹೆಲಿಕಾಪ್ಟರ್ ಬರುವುದಿಲ್ಲ ಎಂದ ಮೇಜರ್

ಕಳೆದ ವಾರ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ತಗಡಿನ ಬಿಸ್ಕತ್ತಿನ ಡಬ್ಬ ಕೈಗೆ ಬಂತು. ಮುಚ್ಚಳ ತೆಗೆದೆ. ಒಣಶುಂಠಿಯ ವಾಸನೆ, ಅದರಡಿಯಲ್ಲಿ ತುಸು ಕ್ಯಾನ್ವಾಸಿನ ವಾಸನೆ... ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ ನಾನು. ಅಂದು ಬಿಟ್ಟೆ.

ಡಬ್ಬ ಪಕ್ಕದ ಮನೆಯ ಮೇಜರ್ ಅವರದು. ನ್ಯೂಜಿಲೆಂಡಿನ ಲೋವರ್ ಹಟ್ ಎಂಬ ಊರಿನಲ್ಲಿ ನಮ್ಮೆರಡು ಮನೆಗಳ ನಡುವೆ ಇದ್ದದ್ದು ಒಂದು ಮರದ ಬೇಲಿ. ಅವರು ಇಲ್ಲಿಯವರೇ, ನ್ಯೂಜಿಲೆಂಡ್ ಸೈನ್ಯದಿಂದ ನಿವೃತ್ತರಾದವರು. ಅವರ ಹೆಂಡತಿ ನಮ್ಮ ಧಾರವಾಡದವಳು, ನನ್ನ ಜೊತೆ ಒಂದೇ ವಾರ್ಡಿನಲ್ಲಿ ನರ್ಸಾಗಿದ್ದವಳು. ಅವಳು ತೀರಿಕೊಂಡ ಮೇಲೂ ಶನಿವಾರ ಹತ್ತು ಗಂಟೆಯ ಚಹಾ ನಿಲ್ಲಲಿಲ್ಲ. ಹತ್ತು ಎಂದರೆ ಹತ್ತು. ಅವರನ್ನು ಸೈನ್ಯ ತಿದ್ದಿತ್ತು, ನನ್ನನ್ನು ವಾರ್ಡು. ಅವರ ಇಂಗ್ಲಿಷಿನ ನಡುನಡುವೆ ಹೆಂಡತಿಯಿಂದ ಕಲಿತ ಧಾರವಾಡದ ಮಾತು ನುಸುಳುತ್ತಿತ್ತು.

ಅವರ ಮನೆಯಲ್ಲಿ ಒಂದು ನಿಯಮವಿತ್ತು. ಕೂರುವ ಮೊದಲು ಬಿಸ್ಕತ್ತು ತಟ್ಟೆಗೆ, ಫೋನು ಡಬ್ಬಕ್ಕೆ. "ನೀವು ಸುಮ್ಮನಿದ್ರೂ ಅದು ನಾವೆಲ್ಲಿದ್ದೀವಿ ಅಂತ ಕೂಗ್ತಾನೇ ಇರುತ್ತೆ ಸಿಸ್ಟರ್. ಕೇಳಬೇಕಾದವನು ಕೇಳಿಸ್ಕೋತಾನೆ" ಎನ್ನುತ್ತಿದ್ದರು. ನಾನು ಮೊದಮೊದಲು ನಕ್ಕೆ. ಅವರು ನಗಲಿಲ್ಲ.

ಅಫ್ಘಾನಿಸ್ತಾನದಲ್ಲಿದ್ದಾಗ ಆಕಾಶ ತಮ್ಮದಾಗಿತ್ತು ಎಂದು ಹೇಳುತ್ತಿದ್ದರು. ಗಾಯವಾದರೆ ರೇಡಿಯೊದಲ್ಲಿ ಕೂಗುವುದು, ಹೆಲಿಕಾಪ್ಟರ್ ಬರುವುದು, ಗಾಯಾಳು ಆಪರೇಷನ್ ಟೇಬಲ್ಲಿನ ಮೇಲೆ. ಅಧಿಕಾರಿಗಳ ದೊಡ್ಡ ಡೇರೆಯಲ್ಲಿ ಕಂಪ್ಯೂಟರ್ ಪರದೆಗಳು, ಜನರೇಟರು, ಕಾಫಿ ಯಂತ್ರ. ಪಶ್ಚಿಮದ ಸೇನೆಗಳೆಲ್ಲ ಅದನ್ನೇ ಯುದ್ಧ ಎಂದುಕೊಂಡವು. ಮುಂದಿನ ಶತ್ರು ಹಾಗಿರುವುದಿಲ್ಲ, ಅಗ್ಗದ ಡ್ರೋನುಗಳಿಂದ ಅವನು ಎಲ್ಲವನ್ನೂ ನೋಡುತ್ತಾನೆ, ಡೇರೆಯನ್ನು ಮೊದಲು ಹೊಡೆಯುತ್ತಾನೆ. ನಾವು ಚಿಕ್ಕದಾಗಬೇಕು, ಚದುರಬೇಕು, ಯಾರನ್ನೂ ಕೇಳದೆ ನಿರ್ಧರಿಸಲು ಕಲಿಯಬೇಕು ಎನ್ನುವುದು ಅವರ ವಾದ.

ಅದು ಬರೀ ಚಹಾದ ಮಾತಾಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಅವರ ಮಗಳು ಸೈನ್ಯದಲ್ಲಿ ಮೆಡಿಕ್. ಗಾಯಾಳುಗಳನ್ನು ಉಳಿಸುವುದು ಹೇಗೆಂದು ಸೈನಿಕರಿಗೆ ಕಲಿಸಲು ಯುರೋಪಿಗೆ ಹೊರಟಿದ್ದಳು. ಅವಳ ಬಳಿ ಕಲಿತವರು ನೇರ ಯುದ್ಧಭೂಮಿಗೆ ಹೋಗುವವರು. ಅವಳು ಹಳೆಯ ಪಾಠ ಹೇಳಿದರೆ ಅದರ ಫಲ ಉಣ್ಣುವವರು ಅವರು.

ಅವಳು ಹೊರಡುವ ಹಿಂದಿನ ಶನಿವಾರ ಮೇಜರ್ ತಮ್ಮ ಗ್ಯಾರೇಜಿನ ನೆಲದ ಮೇಲೆ ಕ್ಯಾನ್ವಾಸು ಹಾಸಿ ಮಲಗಿದರು. ತೊಡೆಗೆ ಗುಂಡು ಬಿದ್ದಿದೆ ಎಂದರು. ಮಗಳು ಚಕಚಕನೆ ರಕ್ತ ನಿಲ್ಲಿಸುವ ಪಟ್ಟಿ ಬಿಗಿದಳು. ನಿಜವಾಗಿಯೇ ಬಿಗಿಯಬೇಕೆಂದು ಅವರ ಹಟ. ಬಿಗಿದವಳೇ ಅಭ್ಯಾಸದಂತೆ ಜೇಬಿಗೆ ಕೈ ಹಾಕಿದಳು. ಫೋನು ಡಬ್ಬದಲ್ಲಿತ್ತು.

"ಹೆಲಿಕಾಪ್ಟರ್ ಬರಂಗಿಲ್ಲ" ಎಂದರು ಮೇಜರ್.

"ಓಕೆ ಡ್ಯಾಡ್, ಪಾಯಿಂಟ್ ಗೊತ್ತಾತು. ಮುಗೀತು." ಅವಳು ಪಟ್ಟಿ ಬಿಚ್ಚಲು ಬಗ್ಗಿದಳು. ಅವರು ಅವಳ ಕೈ ಹಿಡಿದರು.

"ಹಿಂಗೇ ಬಿಚ್ಚಿದ್ರೆ ರಕ್ತ ಹೋಗಿ ಸಾಯ್ತೀನಿ. ಹಿಂಗೇ ಬಿಟ್ರೆ ಕಾಲು ಸಾಯುತ್ತೆ. ಮೇಲೆ ಡ್ರೋನ್ ಇದೆ. ಏನ್ಮಾಡ್ತಿ?"

"ಆಂಟಿ, ನೀವಾದ್ರೂ ಹೇಳ್ರಿ! ಹೀ ಈಸ್ ಇಂಪಾಸಿಬಲ್."

ನಾನೂ ನಿಯಮದವಳೇ. "ಮೇಜರ್ ಸಾಹೇಬ್ರ, ಡಾಕ್ಟರ್ ಹೇಳೋತನಕ ಪಟ್ಟಿ ಸಡ್ಲ ಮಾಡಬಾರ್ದು. ನಮ್ಮ ವಾರ್ಡಿನ್ಯಾಗ ಅದ ರೂಲ್."

"ಸಿಸ್ಟರ್, ಡಾಕ್ಟರೂ ಬರಂಗಿಲ್ಲ."

ಅವರ ಪಾದ ಬಿಳಿಚಿಕೊಳ್ಳುತ್ತಿತ್ತು. ಹಣೆಯ ಮೇಲೆ ಬೆವರು. ನಾನು ಮೊಣಕಾಲೂರಿ ಪಾದದ ಮೇಲೆ ಬೆರಳಿಟ್ಟೆ. ನಾಡಿ ಇರಲಿಲ್ಲ. ಮಗಳ ಕಣ್ಣಲ್ಲಿ ಸಿಟ್ಟಿನ ನೀರು. ಎದ್ದು ಹೊರಟೇಬಿಡುತ್ತಾಳೆ ಎಂದುಕೊಂಡೆ. ಬಾಗಿಲವರೆಗೆ ಹೋದಳು ಕೂಡ... ಮತ್ತೆ ತಿರುಗಿ ಬಂದಳು. ಗಾಯವಿದೆ ಎಂದ ಜಾಗಕ್ಕೆ ಬಟ್ಟೆ ತುರುಕುವಂತೆ ಒತ್ತಿ, ಅದರ ಮೇಲೆ ಬಿಗಿಯಾಗಿ ಬ್ಯಾಂಡೇಜು ಸುತ್ತಿದಳು. ಪಟ್ಟಿಯನ್ನು ಕೂದಲೆಳೆಯಷ್ಟು ಸಡಿಲಿಸಿ ಕಾದಳು. ರಕ್ತ ಒಸರುತ್ತಿದೆಯೇ ಎಂಬಂತೆ ಬ್ಯಾಂಡೇಜು ನೋಡಿದಳು. ಇನ್ನಷ್ಟು ಸಡಿಲಿಸಿದಳು. ಪಟ್ಟಿಯನ್ನು ಪೂರ್ತಿ ತೆಗೆಯದೆ, ಬೇಕಾದರೆ ಮತ್ತೆ ಬಿಗಿಯುವಂತೆ ಅಲ್ಲೇ ಬಿಟ್ಟಳು.

ನನ್ನ ಬೆರಳಡಿ ಏನೋ ಮಿಡಿಯಿತು. "ಬಂತು" ಎಂದೆ.

ಮೇಜರ್ ಕಣ್ಣು ಮುಚ್ಚಿದರು. "ಈಗ ಕಲಿಸು ಹೋಗು" ಎಂದರು. ಆಮೇಲೆ ಒಂದು ವಾರ ಅವರು ಕುಂಟಿದರು.

ಅವಳು ಹೋದ ಮೇಲೆ ಒಂದು ಶನಿವಾರ ಅವಳ ಕರೆ ಬಂತು. ಅಂದು ಡಬ್ಬಕ್ಕೆ ವಿನಾಯಿತಿ. "ಮೊದಲ್ನೇ ಕ್ಲಾಸಿನ್ಯಾಗ ಎಲ್ಲಾರ ಫೋನೂ ಬಕೆಟ್‌ಗೆ ಹಾಕಿಸ್ತೀನಿ ಆಂಟಿ. ಆಮ್ಯಾಲೆ ಬರಂಗಿಲ್ಲ ಅಂತೀನಿ. ಎಲ್ಲಾರೂ ಅದನ್ನ ನ್ಯೂಜಿಲೆಂಡಿನ ಮಾವೊರಿ ಭಾಷಾ ಅನ್ಕೊಂಡಾರ!" ಮೇಜರ್ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅವಳ ದನಿ ಇಳಿಯಿತು. ಅವಳ ಬಳಿ ಕಲಿತ ಒಬ್ಬ, ಕಾಲಿಗೆ ಗಾಯವಾದ ತನ್ನ ಗೆಳೆಯನನ್ನು ನೆಲಮಾಳಿಗೆಯಲ್ಲಿ ದಿನಗಟ್ಟಲೆ ನೋಡಿಕೊಂಡನಂತೆ. ಯಾರೂ ಬರಲಿಲ್ಲವಂತೆ. ಕಾಲು ಉಳಿಯಿತಂತೆ. ಮೇಜರ್ ಎದ್ದು ಹೋಗಿ ತುಂಬ ಹೊತ್ತು ಕಿಟಕಿಯ ಬಳಿ ನಿಂತಿದ್ದರು.

ಅವರು ಬಿದ್ದದ್ದೂ ಶನಿವಾರವೇ. ಕಪ್ಪು ಕೈಯಲ್ಲಿತ್ತು, ವಾಕ್ಯ ಅರ್ಧದಲ್ಲಿತ್ತು... ಫೋನು ಡಬ್ಬದಲ್ಲಿ. ಮುಚ್ಚಳ ಬಿಗಿದುಕೊಂಡಿತ್ತು. ಚಮಚದಿಂದ ಮೀಟಿ ತೆಗೆದೆ, ಕರೆ ಮಾಡಿದೆ, ಫೋನನ್ನು ನೆಲದ ಮೇಲಿಟ್ಟು ಎದೆ ಒತ್ತತೊಡಗಿದೆ. ಕಲಿತ ಕೈ ತಪ್ಪಲಿಲ್ಲ. ಆಂಬುಲೆನ್ಸ್ ಬಂತು, ನಾನು ಅಂದುಕೊಂಡದ್ದಕ್ಕಿಂತ ಬೇಗ ಬಂತು. ಬೇಕಾದವರೆಲ್ಲ ಬಂದರು. ನಾಡಿ ಬರಲಿಲ್ಲ.

ಮನೆ ಮಾರುವಾಗ ಮಗಳು ಡಬ್ಬವನ್ನು ನನ್ನ ಕೈಗಿಟ್ಟಳು. ಒಳಗೆ ಅಂದು ಗ್ಯಾರೇಜಿನಲ್ಲಿ ಬಿಗಿದ ಅದೇ ಪಟ್ಟಿ. ಬೇಲಿಯಾಚೆ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ.

ಕಪಾಟು ಒರೆಸಿ ಮುಗಿಸಿದೆ. ಈ ಶನಿವಾರ ಹತ್ತಕ್ಕೆ ಚಹಾ ಮಾಡಿಕೊಂಡು, ಫೋನನ್ನು ಡಬ್ಬದಲ್ಲಿಟ್ಟೆ. ಮುಚ್ಚಳವನ್ನು ಮಾತ್ರ ಒತ್ತಿ ಹಾಕಲಿಲ್ಲ. ಸುಮ್ಮನೆ ಮೇಲಿಟ್ಟೆ.