ಸೋಮವಾರದ ಬಿಡುವು

ಸೀರೆಯ ಅಂಚು ಒದ್ದೆಯಾಗಿತ್ತು. ನೀರು ಎಲ್ಲಿ ಚೆಲ್ಲಿತು ಎಂದು ಬಗ್ಗಿ ನೋಡಿದೆ. ನೀರಲ್ಲ.

ಕೀವು.

ಅದಕ್ಕೂ ಆರು ತಿಂಗಳ ಮೊದಲು ನರಗುಂದದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಆಗ ಹಾಕಿದ ಪ್ಲೇಟಿನ ಸುತ್ತ ಇನ್‌ಫೆಕ್ಷನ್. ಕೆಟ್ಟ ಎಲುಬನ್ನು ಮೂರು ಬೆರಳಿನಷ್ಟು ಕತ್ತರಿಸಿ ತೆಗೆಯಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ನಾನು ಜಕ್ಕಲಿಯಲ್ಲಿ ಹೊಲಿಗೆ ಮಷಿನ್ ತುಳಿಯುವವಳು. ಕಾಲು ಹೋದರೆ ಮಷಿನ್ನೂ ಹೋದಂತೆ.

"ಕಾಲ ಉಳೀತೈತೇನ್ರಿ?"

"ಉಳಸೂಣು. ಆದ್ರ ನೀವೂ ದುಡೀಬೇಕ್ರಿ."

ಕೆಟ್ಟ ಎಲುಬು ತೆಗೆದರು. ಕಾಲಿನ ಸುತ್ತ ಉಕ್ಕಿನ ಬಳೆಗಳು ಬಂದವು. ಮೇಲಿನ ಒಳ್ಳೆಯ ಎಲುಬನ್ನು ಕೊಯ್ದು, ಆ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರ್ ಕೆಳಗಿನ ಖಾಲಿ ಜಾಗದತ್ತ ಸರಿಸುತ್ತ ಹೋಗಬೇಕು; ಅದು ಬಿಟ್ಟುಬಂದ ಜಾಗದಲ್ಲಿ ಹೊಸ ಎಲುಬು ಬೆಳೆಯುತ್ತದೆ. ಅದಕ್ಕೆ ದಿನಕ್ಕೆ ನಾಲ್ಕು ಸಲ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಬಳೆಯ ನಟ್ಟು ಚೂರು ತಿರುಗಿಸಬೇಕು. ಈ ಕೆಲಸ ನನ್ನ ಗಂಡನದು. ಮೊದಲ ದಿನವೇ ಪಾನಾಕ್ಕೆ ವಿಭೂತಿ ಹಚ್ಚಲು ಹೋದರು. ನಾನು ಸ್ಪಿರಿಟ್ ಬಾಟಲಿ ಕೈಗಿಟ್ಟೆ.

ಐದು ವಾರವಾದ ಮೇಲೆ ಡಾಕ್ಟರು ಎಕ್ಸ್‌ರೇ ಮೇಲೆ ಅಳತೆಪಟ್ಟಿ ಇಟ್ಟರು. ಮತ್ತೊಮ್ಮೆ ಇಟ್ಟರು.

ಐದು ಮಿಲಿಮೀಟರ್ ಕಡಿಮೆ.

"ದಿನಾ ತಿರಗಸ್ತೀರೇನ್ರಿ?"

"ದಿನಾ ರೀ. ಸೋಮವಾರ ಒಂದ ಬಿಟ್ಟು," ಎಂದರು ನನ್ನ ಗಂಡ.

"ಯಾಕ?"

"ಸೋಮವಾರ ನಾವು ಎತ್ತಿನ ಹೆಗಲಿಗೇ ನೊಗ ಇಡೂದಿಲ್ರಿ. ಇಕಿ ಕಾಲಿಗೆ ಹ್ಯಾಂಗ ಪಾನಾ ಹಚ್ಚಲಿ?"

ಡಾಕ್ಟರು ನಗಲಿಲ್ಲ. "ಹಿಂಗ ಬಿಟ್ಕೋತ ಹ್ವಾದ್ರ ಹೊಸ ಎಲುಬು ನಡುವ ಗಟ್ಟಿಯಾಗಿ ನಿಂತಬಿಡ್ತೈತ್ರಿ. ಮತ್ತ ಆಪರೇಷನ್."

ಗಂಡನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಿರುಗಿಸಿದಾಗಲೆಲ್ಲ ಜೀವ ಹೋಗುವಷ್ಟು ನೋವು. ಮಂಗಳವಾರದಿಂದಲೇ ಮುಂದಿನ ಸೋಮವಾರದ ದಾರಿ ಕಾಯುತ್ತಿದ್ದವಳು ನಾನು. ಎತ್ತಿನ ಪುಣ್ಯ ನನಗೂ ಬಂತಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಡಾಕ್ಟರಿಗೆ ಅದನ್ನೂ ಹೇಳಿದೆ.

ಮುಂದಿನ ಸೋಮವಾರ ಅವರು ಎತ್ತಿನ ಮೈ ತೊಳೆದು ಬಂದು ಪಾನಾ ಹಿಡಿದರು.

"ಬಸವಣ್ಣಗ ಹೇಳಿ ಬಂದೀನಿ."

"ಏನಂದ?"

"ಮೇವು ತಿನಕೋತ ನಿಂತಿದ್ದ. ಬ್ಯಾಡ ಅನ್ನಲಿಲ್ಲ."

ನಕ್ಕೆ. ನಗುತ್ತಿರುವಾಗಲೇ ತಿರುಗಿಸಿಬಿಟ್ಟರು.

ತುಂಡು ಕೊನೆಗೆ ಕೆಳಗಿನ ಎಲುಬಿಗೆ ಹೋಗಿ ಕೂಡಿತು. ಗಟ್ಟಿಯಾಗಲು ಮತ್ತಷ್ಟು ತಿಂಗಳು ಹಿಡಿದವು. ಬಳೆ ಬಿಚ್ಚಿ ಈಗ ಮೂರು ವಾರ. ಕೀವು ಮತ್ತೆ ಬರುವುದೇ ಇಲ್ಲ ಎಂದು ಡಾಕ್ಟರೂ ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಮಷಿನ್ ಸ್ವಲ್ಪ ಸ್ವಲ್ಪ ತುಳಿಯಬಹುದು ಎಂದಿದ್ದಾರೆ, ನನಗೆ ಅಷ್ಟು ಸಾಕು.

ನಿನ್ನೆ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ಕೂತಿದ್ದೆ. ಗಂಡ ಬಂದು ಮಷಿನ್ನಿನ ಬೆಲ್ಟು ಕಳಚಿಬಿಟ್ಟರು.

"ಇವತ್ತ ಸೋಮವಾರ. ಡಾಕ್ಟರಿಗೆ ಕೇಳೀನಿ. ಇನ್ನ ಬಿಟ್ರ ನಡೀತೈತಂತ."

ನಾನು ಕಟ್ಟೆಗೆ ಹೋಗಿ ಎರಡೂ ಕಾಲು ಚಾಚಿ ಕೂತೆ.