ತುಂಬಿದ ಕಾಲುವೆಯಂಥ ತಂತಿ

ಸ್ಟೂಲಿನ ಮೇಲೆ ನಿಂತು ಬಲ್ಬು ತೆಗೆದು, ಹಸಿ ಅರಿವೆಯಿಂದ ಹೋಲ್ಡರ್ ಒರೆಸುತ್ತ, "ಗುಂಡಿ ಒತ್ತವ್ವಾ, ಕರೆಂಟು ಬರೂದ್ರಾಗ ಇಳೀತೀನಿ" ಎಂದು ಮಗಳಿಗೆ ಕೂಗಿದೆ. ಗೋಕಾಕದ ನಮ್ಮ ಮನೆಗೆ ಕರೆಂಟು ಬಂದ ಹೊಸದು. ಸಾಲಿ ಮಾಸ್ತರರಾದ ಅಳಿಯ ಓಡಿಬಂದು ಅವಳ ಕೈ ಹಿಡಿದರು.

"ಅತ್ತಿ, ಸಾಯಾಕ ಹೊಂಟೀರೇನ್ರಿ?"

"ತಂತಿಯೊಳಗಿನ ಕರೆಂಟಿನ ಕಣ ಇರಿವಿಗಿಂತ ಸಾವಕಾಶ ಹೋಗತಾವಂತ ನೀವ ಅಂದ್ರೆಲ್ಲ? ಧೂಪದಾಳದ ಒಡ್ಡಿನಿಂದ ಕಾಲುವಿಗೆ ನೀರು ಬಿಟ್ರ ಹೊಲಕ್ಕ ಬರಾಕ ಮರುದಿನ ಆಗತೈತಿ."

"ಅದು ಒಣ ಕಾಲುವಿ. ತಂತಿ ಮೊದಲ ತುಂಬಿರತೈತ್ರಿ. ಕಣ ಬೆದರಿದ ಕುರಿಹಂಗ ದಿಕ್ಕಾಪಾಲು ಓಡತಾವ, ಹಿಂಡು ಮುಂದ ಸರಿಯೂದು ಸಾವಕಾಶ. ಆದ್ರ ಗುಂಡಿ ಒತ್ತಿದ್ರ ತಂತಿ ತುಂಬ ಒಮ್ಮೆಲೆ ಸರೀತಾವ."

"ಇದನ್ನ ನಿನ್ನೆ ಹೇಳಬೇಕಿತ್ತು."

"ಹೇಳಾಕತ್ತಿದ್ದೆ, ನೀವ ನಡುವ ಎದ್ದು ಹೋದ್ರಿ!"

ಈಗ ಅಳಿಯ ಮಾತು ಶುರು ಮಾಡಿದರೆ ಮುಗಿಯುವವರೆಗೆ ನಾನು ಏಳುವುದಿಲ್ಲ. ಬೇಸರ ಬರುತ್ತದೆ. ಆದರೂ ಕೂತಿರುತ್ತೇನೆ, ಜೀವ ನನ್ನದಲ್ಲವೇ.