ತೋಳಿನ ಮೂರು ಪಟ್ಟಿ

ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲವು ವರ್ಷ ಕೆಡೆಟ್ ದಳವನ್ನು ನೋಡಿಕೊಂಡವಳು ನಾನು. ಪಾಠ ಹೇಳುವುದು ವಿಜ್ಞಾನ, ಬೆಳಗಾದರೆ ಪರೇಡು. ದಳದ ಭುಜದ ಲಾಂಛನವನ್ನು ನಾನೇ ಬರೆದೆ: ನಮ್ಮೂರ ಬಂಡೆ, ಅದರ ಮೇಲೊಂದು ಜೇನುಹುಳ. ಸಿರಾದ ದರ್ಜಿ ಸಾಹೇಬರೊಬ್ಬರು ಕಸೂತಿ ಹಾಕಿಕೊಟ್ಟರು. ಹುಳಕ್ಕೆ ಕೊಂಡಿಯೂ ಬೇಕಾ ಎಂದು ಕೇಳಿ, ಬೇಕು ಅಂದಿದ್ದಕ್ಕೆ ನಕ್ಕರು. ದಳದ ನಾಯಕಿಯ ತೋಳಿಗೆ ಮಾತ್ರ ಇನ್ನೂ ಮೂರು ಕೆಂಪು ಪಟ್ಟಿ, ಮೂರರ ಮೊನೆಯೂ ಕೆಳಕ್ಕೆ.

"ಮೊನೆ ಯಾಕೆ ಮಿಸ್ ಕೆಳಗೈತೆ?" ಎಂದು ಒಂದು ವರ್ಷದ ನಾಯಕಿ ಕೇಳಿದಳು. ತೋವಿನಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. "ಒಬ್ಬರ ಭಾರ ಇನ್ನೊಬ್ಬರಿಗೆ ಇಳೀಬೇಕು, ಅದಕ್ಕೆ" ಅಂದುಬಿಟ್ಟೆ. ಅಷ್ಟಕ್ಕೇ ಸುಮ್ಮನಿರದೆ, ಬಿಟ್ಟುಹೋಗುವ ನಾಯಕಿ ತನ್ನ ಕೈಯಾರೆ ಪಟ್ಟಿ ಬಿಚ್ಚಿ ಮುಂದಿನವಳ ಅಂಗಿಗೆ ಹೊಲಿಯಬೇಕು ಎಂದು ನಿಯಮವನ್ನೂ ಮಾಡಿದೆ. ಅಂಗಡಿಯಲ್ಲಿ ಹೊಸ ಪಟ್ಟಿ ಸಿಗುತ್ತಿತ್ತು.

ಪಟ್ಟಿ ಬಿಚ್ಚುವ ಮೊದಲೇ ಆ ಹುಡುಗಿ ಡೆಂಗಿ ಜ್ವರದಲ್ಲಿ ತೀರಿಕೊಂಡಳು.

ಎರಡು ತಿಂಗಳ ಮೇಲೆ, ಹೊಸ ನಾಯಕಿಯನ್ನು ಕರೆದುಕೊಂಡು ಆ ಪಟ್ಟಿ ಕೇಳಲು ತೋವಿನಕೆರೆಗೆ ಹೋದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ತಾಯಿ ಒಬ್ಬಳೇ ಇದ್ದಳು. ಮಂಚದ ಮೇಲೆ ಮಗಳ ಖಾಕಿ ಅಂಗಿ, ಆಗಷ್ಟೇ ಇಸ್ತ್ರಿ ಮಾಡಿದ್ದು. ಹಿತ್ತಾಳೆ ಗುಂಡಿಗಳು ಥಳಥಳ ಹೊಳೆಯುತ್ತಿದ್ದವು.

"ದಿನಾ ಹುಣಸೇಹಣ್ಣು ಹಾಕಿ ತಿಕ್ತೀನಿ" ಅಂದಳು.

"ಪಟ್ಟಿ ಬಿಚ್ಚಿಕೊಂಡು ಹೋಗ್ತೀನಿ ಅಕ್ಕಾ."

"ನೀವೆಂಗೆ ಬಿಚ್ತೀರ ಮೇಡಂ? ಅವ್ಳೇ ಬಿಚ್ಬೇಕು ಅಂತ ನೀವೇ ಏಳಿದ್ರಂತೆ." ಆಮೇಲೆ ನನ್ನ ಜೊತೆಗಿದ್ದ ಹುಡುಗಿಯ ಕಡೆ ತಿರುಗಿ, "ಅಂಗೇ ಆಕ್ಕಂಬುಡವ್ವ" ಅಂದಳು.

ಹುಡುಗಿ ನನ್ನ ಮುಖ ನೋಡಿದಳು. ನಾಚಿಕೆಗೆ ಆಗಲಿ ಎಂದು ತಲೆಯಾಡಿಸಿದೆ. ಚೂಡಿದಾರದ ಮೇಲೇ ಅಂಗಿ ತೊಟ್ಟಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಒಂದು ಪಟ್ಟಿಯ ಅಂಚು ಬಿಟ್ಟುಕೊಂಡಿತ್ತು. ತಾಯಿ ಸೂಜಿಗೆ ದಾರ ಪೋಣಿಸಿ, ಹುಡುಗಿಯ ತೋಳಿನ ಮೇಲೇ ಹೊಲಿಯತೊಡಗಿದಳು.

ನಮ್ಮ ಕಡೆ ಮೈಮೇಲಿನ ಬಟ್ಟೆಯನ್ನು ಹೊಲಿಯುವುದಿಲ್ಲ. ಅದು ಹೆಣಕ್ಕೆ ಮಾಡುವ ಕೆಲಸ. ಅವಸರಕ್ಕೆ ಹೊಲಿಯಲೇಬೇಕಾದರೆ ತೊಟ್ಟವರು ಹಲ್ಲಿನಲ್ಲಿ ಒಂದು ಕಡ್ಡಿ ಕಚ್ಚಿಕೊಳ್ಳಬೇಕು. ವಿಜ್ಞಾನದ ಮೇಡಂ ಆದ ನಾನೇ ಪೊರಕೆ ಹುಡುಕಿದೆ. ಕಡ್ಡಿ ಮುರಿದು ಹುಡುಗಿಯ ಬಾಯಿಗೆ ಇಡಲು ಹೋದಾಗ ತಾಯಿ ತಲೆ ಎತ್ತದೆ ಅಂದಳು:

"ಕಡ್ಡಿ ಬ್ಯಾಡ ಮೇಡಂ. ಅದು ಬದುಕಿರೋರ್ಗೆ."

ಹುಡುಗಿ ಪರೇಡಿನ ಸಾವಧಾನ್‌ನಲ್ಲಿ ಸೆಟೆದು ನಿಂತಿದ್ದಳು, ರೆಪ್ಪೆ ಮಿಟುಕಿಸುತ್ತಿರಲಿಲ್ಲ. ತಾಯಿ ದಾರವನ್ನು ಹಲ್ಲಿನಿಂದ ಕಡಿದು, ಕಾಲರಿನ ವಾಸನೆ ನೋಡಿದಳು.

"ಮುದ್ದೆ ಬಿಸಿಯಾಗೈತೆ, ಉಣ್ಣು ಬಾರವ್ವ."

ಹುಡುಗಿ ಒಳಮನೆಯ ಕಡೆ ಹೆಜ್ಜೆಯಿಟ್ಟಳು. "ಹೋಗೋಣ ಬಾರೇ" ಎಂದು ಕರೆದೆ. ಕೇಳಿಸಿದಂತೆ ಕಾಣಲಿಲ್ಲ.

"ಮನೆಗ್ ಬಂದವ್ಳು ಇನ್ನೆಲ್ಲಿಗ್ ಓಗ್ತಾಳೆ?" ಅಂದಳು ತಾಯಿ.

ಏನೂ ತೋಚದೆ ಮೈದಾನದ ಗಂಟಲಿನಲ್ಲೇ ಕೂಗಿದೆ: "ಪೀಛೇ ಮುಡ್!"

ಹುಡುಗಿ ಗಕ್ಕನೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು, ಕಣ್ಣಲ್ಲಿ ನೀರು. ಅವಳ ಹಿಂದೆ ತಾಯಿಯೂ ತಿರುಗಿದ್ದಳು. ಬಲ ಹಿಮ್ಮಡಿ, ಎಡ ತುದಿಗಾಲು, ಒಂದಿಷ್ಟೂ ತಪ್ಪಿರಲಿಲ್ಲ. ಮಗಳು ಅಂಗಳದಲ್ಲಿ ಕಲಿಸಿದ್ದಿರಬೇಕು. ತೊಡೆಗೆ ಮುಷ್ಟಿ ಒತ್ತಿ, ಗೋಡೆಗೆ ಮುಖ ಮಾಡಿ, ಮುಂದಿನ ಆಜ್ಞೆಗೆ ಕಾಯುತ್ತ ನಿಂತಳು.

ಕೊನೆಗೆ "ವಿಶ್ರಾಮ್" ಅಂದೆ. ತಾಯಿಯ ಭುಜ ಕುಸಿಯಿತು. ಗೋಡೆಗೆ ಹಣೆ ಹಚ್ಚಿ ಅತ್ತಳು. ಅಳು ಇಳಿದ ಮೇಲೆ, ನಮ್ಮ ಕಡೆ ತಿರುಗದೆಯೇ ಅಂದಳು:

"ಕತ್ರಿ ಆ ಗೂಡಲ್ಲೈತೆ ಮೇಡಂ. ನೀವೇ ಬಿಚ್ಕಳಿ. ಅವ್ಳು ಬರಕಿಲ್ಲ."